ನೆಗೆಟಿವ್ ತಿರುಗಿಸುವ ಸಾಫ್ಟ್‌ವೇರ್‌ಗೆ ನಾವು ಹೇಳಿಕೊಡಬೇಕಾದ್ದು

ಎಂಬತ್ತು–ತೊಂಬತ್ತರ ದಶಕದ ಮದುವೆ ಆಲ್ಬಮ್ ತೆರೆದರೆ ಎಷ್ಟೋ ಫೋಟೊಗಳು ಕೆಂಪಗೋ ಹಳದಿಗೋ ತಿರುಗಿರುತ್ತವೆ. ಅದೇ ಮದುವೆಯ ನೆಗೆಟಿವ್‌ಗಳು ಲ್ಯಾಬಿನವರು ಕೊಟ್ಟ ಕವರಿನಲ್ಲೇ, ನಾಲ್ಕು ನಾಲ್ಕು ಫ್ರೇಮಿನ ತುಂಡುಗಳಾಗಿ ಬೀರುವಿನ ಮೂಲೆಯಲ್ಲಿ ಉಳಿದಿದ್ದರೆ ಅದೃಷ್ಟ. ಕತ್ತಲಲ್ಲಿದ್ದ ಕಾರಣ ಅವು ಸಾಮಾನ್ಯವಾಗಿ ಪ್ರಿಂಟಿಗಿಂತ ಚೆನ್ನಾಗಿರುತ್ತವೆ. ಪ್ರಿಂಟಿನಲ್ಲಿ ಬೆಳ್ಳಗೆ ಸುಟ್ಟುಹೋದ ವರನ ಪಂಚೆಯ ನೆರಿಗೆ, ಕಪ್ಪಾಗಿ ಹೋದ ತಲೆಗೂದಲು ಎರಡೂ ನೆಗೆಟಿವ್‌ನಲ್ಲಿ ಇನ್ನೂ ಇರುತ್ತವೆ.

ಸ್ಕ್ಯಾನ್ ಮಾಡಿಯಾಯಿತು, ಇನ್ನೇನು ತಿರುಗಿಸಿದರೆ ಮುಗಿಯಿತು ಎಂದು ಹೆಚ್ಚಿನವರು ಫೋಟೊಶಾಪಿನಲ್ಲಿ ಕಂಟ್ರೋಲ್ ಮತ್ತು ಐ ಒತ್ತುತ್ತಾರೆ. ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಆದರೆ ಬರುವ ಚಿತ್ರ ನೀಲಿ ನೀರಿನಲ್ಲಿ ಅದ್ದಿ ತೆಗೆದಂತೆ, ಸತ್ವವಿಲ್ಲದೆ ಇರುತ್ತದೆ. ನೆಗೆಟಿವ್ ಹಾಳಾಗಿದೆ ಎಂದುಕೊಂಡು ಅಲ್ಲಿಗೇ ಬಿಡುವವರೂ ಇದ್ದಾರೆ. ನೆಗೆಟಿವ್‌ಗೆ ಏನೂ ಆಗಿರುವುದಿಲ್ಲ. ತಿರುಗಿಸುವುದು ಈ ಕೆಲಸದ ಅತಿ ಸುಲಭದ ಭಾಗ, ಅಷ್ಟೇ.

ನೀಲಿಗೆ ಕಾರಣ ಫಿಲ್ಮಿನ ಕಿತ್ತಳೆ ಬಣ್ಣ. ಕಲರ್ ನೆಗೆಟಿವ್‌ನಲ್ಲಿ ಮೂರು ಮುಖ್ಯ ಪದರಗಳಿವೆ. ನೀಲಿ ಬೆಳಕನ್ನು ಹಿಡಿಯುವ ಪದರದಲ್ಲಿ ಹಳದಿ, ಹಸಿರನ್ನು ಹಿಡಿಯುವುದರಲ್ಲಿ ಮಜೆಂಟಾ, ಕೆಂಪನ್ನು ಹಿಡಿಯುವುದರಲ್ಲಿ ಸಯಾನ್ ಬಣ್ಣ ಹುಟ್ಟುತ್ತದೆ. ತೊಂದರೆಯೆಂದರೆ ಈ ಬಣ್ಣಗಳು ಶುದ್ಧವಲ್ಲ. ಮಜೆಂಟಾ ತಾನು ತಡೆಯಬೇಕಾದ ಹಸಿರಿನ ಜೊತೆಗೆ ನೀಲಿಯನ್ನೂ ಒಂದಿಷ್ಟು ನುಂಗುತ್ತದೆ. ಸಯಾನ್ ಕೂಡ ಸುಮ್ಮನಿರುವುದಿಲ್ಲ. 1940ರ ದಶಕದಲ್ಲಿ ಕೊಡಕ್‌ನ ವೆಸ್ಲಿ ಹ್ಯಾನ್ಸನ್ ಇದಕ್ಕೆ ಒಂದು ಜಾಣ ಪರಿಹಾರ ಹುಡುಕಿದರು. ಬಣ್ಣ ಹುಟ್ಟಿಸುವ ರಾಸಾಯನಿಕಕ್ಕೇ ಮೊದಲು ಒಂದು ತೆಳು ಬಣ್ಣ ಕೊಟ್ಟುಬಿಡುವುದು. ಡೆವಲಪ್ ಆಗುವಾಗ ಎಲ್ಲಿ ಮಜೆಂಟಾ ಹುಟ್ಟುತ್ತದೋ ಅಲ್ಲಿ ಈ ತೆಳು ಬಣ್ಣ ಖರ್ಚಾಗಿ ಹೋಗುತ್ತದೆ. ಹುಟ್ಟದ ಕಡೆ ಹಾಗೇ ಉಳಿಯುತ್ತದೆ. ಮಜೆಂಟಾ ಮಾಡುವ ತಪ್ಪು ಒಂದು ಕಡೆ, ಉಳಿದ ತೆಳು ಬಣ್ಣ ಇನ್ನೊಂದು ಕಡೆ, ಎರಡೂ ಕೂಡಿದರೆ ಫಿಲ್ಮಿನ ಉದ್ದಕ್ಕೂ ಒಂದೇ ಸಮ. ತಪ್ಪು ಎಲ್ಲೆಡೆ ಸಮನಾಗಿದ್ದರೆ ಅದನ್ನು ಒಂದೇ ಏಟಿಗೆ ಕಳೆಯಬಹುದಲ್ಲ! 1972ರಲ್ಲಿ ಬಂದು ನಮ್ಮೂರ ಲ್ಯಾಬುಗಳವರೆಗೂ ತಲುಪಿದ ಸಿ-41 ಪ್ರಕ್ರಿಯೆಯ ಫಿಲ್ಮುಗಳಲ್ಲಿ ನಾವು ಕಾಣುವ ಕಿತ್ತಳೆ ಇದೇ.

ಕಳೆಯಬೇಕು ಎಂದೆ, ಆದರೆ ಲೆಕ್ಕದಲ್ಲಿ ಅದು ಭಾಗಾಕಾರ. ಒಂದು ಉದಾಹರಣೆ ನೋಡಿ. ಫಿಲ್ಮಿನಲ್ಲಿ ಚಿತ್ರವೇ ಇಲ್ಲದ ಖಾಲಿ ಜಾಗದ ಮೂಲಕ ನೂರಕ್ಕೆ 60 ಪಾಲು ಕೆಂಪು, 30 ಪಾಲು ಹಸಿರು, 15 ಪಾಲು ನೀಲಿ ಬೆಳಕು ಹಾಯುತ್ತದೆ ಎಂದಿಟ್ಟುಕೊಳ್ಳೋಣ. ವರ ಬೂದು ಬಣ್ಣದ ಕೋಟು ಹಾಕಿದ್ದಾನೆ. ಕೋಟಿನ ಜಾಗದಲ್ಲಿ ಹಾಯುವುದು 30, 15 ಮತ್ತು 7.5. ಬರೀ ತಿರುಗಿಸಿದರೆ, ಅಂದರೆ ನೂರರಿಂದ ಕಳೆದರೆ, ಸಿಗುವುದು 70, 85, 92.5. ನೀಲಿ ಹೆಚ್ಚು, ಕೆಂಪು ಕಡಿಮೆ. ಬೂದು ಕೋಟು ತಿಳಿನೀಲಿಯಾಗಿ ಕೂತಿತು. ಅದೇ ಖಾಲಿ ಜಾಗದ ಅಂಕಿಯನ್ನು ಕೋಟಿನ ಅಂಕಿಯಿಂದ ಭಾಗಿಸಿ: 60ನ್ನು 30ರಿಂದ, 30ನ್ನು 15ರಿಂದ, 15ನ್ನು 7.5ರಿಂದ. ಮೂರಕ್ಕೂ ಉತ್ತರ 2. ಮೂರೂ ಸಮ ಎಂದರೆ ಬೂದು. ಕಿತ್ತಳೆ ಹೋಯಿತು, ಚಿತ್ರ ತಿರುಗಿತು, ಎರಡೂ ಒಂದೇ ಹೆಜ್ಜೆಯಲ್ಲಿ.

ಇನ್ನು ಸತ್ವವಿಲ್ಲದ ವಿಚಾರ. ನೆಗೆಟಿವ್ ಫಿಲ್ಮು ಬೇಕೆಂದೇ ಕಾಂಟ್ರಾಸ್ಟ್ ತಗ್ಗಿಸಿ ದಾಖಲಿಸುತ್ತದೆ. ಅದರ ಗ್ಯಾಮಾ ಸುಮಾರು 0.6. ಕಣ್ಣಿಗೆ ನಾಲ್ಕು ಪಟ್ಟು ಇದ್ದ ಬೆಳಕಿನ ಅಂತರ ನೆಗೆಟಿವ್‌ನಲ್ಲಿ 2.3 ಪಟ್ಟಾಗಿ ಕುಗ್ಗಿರುತ್ತದೆ. ಹೀಗಿರುವುದರಿಂದಲೇ ಬಿಸಿಲೂ ನೆರಳೂ ಒಂದೇ ಫ್ರೇಮಿನಲ್ಲಿ ಹಿಡಿಸುತ್ತವೆ. ಕುಗ್ಗಿದ್ದನ್ನು ಮತ್ತೆ ಹಿಗ್ಗಿಸುತ್ತಿದ್ದುದು ಗಡುಸು ಕಾಂಟ್ರಾಸ್ಟಿನ ಪ್ರಿಂಟ್ ಪೇಪರ್. ಈಗ ಪೇಪರ್ ಇಲ್ಲ, ಆ ಕೆಲಸವನ್ನೂ ಸಾಫ್ಟ್‌ವೇರೇ ಮಾಡಬೇಕು. ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರಿನಲ್ಲಿ ನೆಗೆಟಿವ್ ತಿರುಗಿಸಲೆಂದೇ ಇರುವ ನೆಗಡಾಕ್ಟರ್ ಸಾಧನದಲ್ಲಿ 'ಪೇಪರ್ ಗ್ರೇಡ್', 'ಪೇಪರ್ ಬ್ಲ್ಯಾಕ್' ಎಂಬ ಸ್ಲೈಡರ್‌ಗಳು ಇರುವುದು ಇದಕ್ಕೇ. 1990ರ ದಶಕದ ಆರಂಭದಲ್ಲಿ ಸಿನಿಮಾ ಫಿಲ್ಮುಗಳನ್ನು ಕಂಪ್ಯೂಟರಿಗೆ ಏರಿಸಲು ಕೊಡಕ್ ರೂಪಿಸಿದ ಸಿನಿಯಾನ್ ವ್ಯವಸ್ಥೆಯ ಲೆಕ್ಕವನ್ನೇ ಅದು ಬಳಸುತ್ತದೆ.

ಇಲ್ಲಿಯವರೆಗೆ ಶುದ್ಧ ಗಣಿತ. ಮುಂದಿನದು ಊಹೆ, ಎಡವಟ್ಟಾಗುವುದೂ ಇಲ್ಲೇ.

ಫಿಲ್ಮು ಹಳೆಯದಾಗಿರುತ್ತದೆ, ಮೂರು ಪದರಗಳೂ ಒಂದೇ ಪ್ರಮಾಣದಲ್ಲಿ ಮಾಸಿರುವುದಿಲ್ಲ, ಲ್ಯಾಬಿನವರು ಕೆಮಿಕಲ್ ಎಷ್ಟು ದಿನ ಎಳೆದಾಡಿದ್ದರೋ ಗೊತ್ತಿಲ್ಲ. ಹಾಗಾಗಿ ಪ್ರತಿ ಬಣ್ಣಕ್ಕೂ ಕಪ್ಪು ಎಲ್ಲಿ ಶುರು, ಬಿಳಿ ಎಲ್ಲಿ ಕೊನೆ ಎಂಬುದನ್ನು ಸಾಫ್ಟ್‌ವೇರ್ ಚಿತ್ರವನ್ನೇ ನೋಡಿ ತೀರ್ಮಾನಿಸುತ್ತದೆ. ಯಾವುದೇ ಫೋಟೊದಲ್ಲಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಸಮನಾಗಿ ಇರುತ್ತವೆ ಎಂಬ ನಂಬಿಕೆ ಇದರ ಹಿಂದಿದೆ. ಬೀದಿಯ ಫೋಟೊಗೆ, ಸಾಲಾಗಿ ನಿಂತ ನೆಂಟರ ಫೋಟೊಗೆ ಇದು ಸಾಕು. ಅರಿಶಿನ ಶಾಸ್ತ್ರದ ಫೋಟೊ ಕೊಟ್ಟು ನೋಡಿ. ಮದುಮಗಳ ಮುಖ, ಕೈ, ಸೀರೆ, ಹಿಂದಿನ ಚೆಂಡುಹೂವಿನ ಸರ, ಎಲ್ಲವೂ ಹಳದಿ. ಸಾಫ್ಟ್‌ವೇರ್ ಕಣ್ಣಿಗೆ ಇದು ಕಾಯಿಲೆ. ನೀಲಿ ಕಡಿಮೆಯಾಗಿದೆ ಎಂದು ನೀಲಿಯನ್ನು ಎಳೆದು ತುಂಬುತ್ತದೆ. ಅರಿಶಿನ ಸುಣ್ಣವಾಗುತ್ತದೆ, ಚರ್ಮ ಬೂದಿಯಾಗುತ್ತದೆ. ಮಳೆಗಾಲದ ಗದ್ದೆಯ ಮಧ್ಯೆ ನಿಂತ ಫೋಟೊದಲ್ಲಿ ಇದೇ ರೀತಿ ಹಸಿರು ಸೋರಿಹೋಗಿ ಮುಖಗಳು ಗುಲಾಬಿಯಾಗುತ್ತವೆ.

ಮದ್ದು ಇದೆ. ಒಂದೊಂದೇ ಫ್ರೇಮನ್ನು ಬಿಡಿಬಿಡಿಯಾಗಿ ಒಪ್ಪಿಸಬೇಡಿ. ಅದೇ ರೋಲಿನಲ್ಲಿ ಸಾಧಾರಣ ಬಣ್ಣದ, ಬಿಳಿ ಅಂಗಿಯೋ ಸಿಮೆಂಟು ಗೋಡೆಯೋ ಇರುವ ಒಂದು ಫ್ರೇಮು ಆರಿಸಿ, ಅದನ್ನು ಸರಿಮಾಡಿ, ಆ ಹೊಂದಿಕೆಯನ್ನೇ ಉಳಿದವಕ್ಕೆ ನಕಲು ಮಾಡಿ. ರೋಲು ಒಂದೇ, ಡೆವಲಪ್ ಆದದ್ದೂ ಒಟ್ಟಿಗೆ. ಫಿಲ್ಮಿನ ಮೂಲಬಣ್ಣ ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದಿಲ್ಲ. ವ್ಯೂಸ್ಕ್ಯಾನ್ ಎಂಬ ಸ್ಕ್ಯಾನಿಂಗ್ ಸಾಫ್ಟ್‌ವೇರಿನಲ್ಲಿ ಎಕ್ಸ್‌ಪೋಷರನ್ನೂ ಫಿಲ್ಮ್ ಬೇಸ್ ಬಣ್ಣವನ್ನೂ ಬೀಗ ಹಾಕಿ ಇಡುವ ಆಯ್ಕೆ ಇದೆ. ಸ್ಕ್ಯಾನರ್ ಜೊತೆ ಉಚಿತವಾಗಿ ಬರುವ ಸಾಫ್ಟ್‌ವೇರಿನ 'ಆಟೊ' ಇದಕ್ಕೆ ತದ್ವಿರುದ್ಧ. ಪ್ರತಿ ಫ್ರೇಮಿಗೂ ಹೊಸದಾಗಿ ಊಹಿಸುತ್ತದೆ. ಒಂದೇ ಧಾರೆಯ ನಾಲ್ಕು ಫೋಟೊ ನಾಲ್ಕು ಬಣ್ಣದಲ್ಲಿ ಬಂದರೆ ಇದೇ ಕಾರಣ.

ಬೆಳಕಿನ ಗೋಜಲು ಬೇರೆ. ಆ ಕಾಲದ ಛತ್ರದಲ್ಲಿ ಟ್ಯೂಬ್‌ಲೈಟಿನ ಹಸಿರು, ವಿಡಿಯೊದವರ ಹ್ಯಾಲೊಜನ್ ಲೈಟಿನ ಹಳದಿ, ಫೋಟೊಗ್ರಾಫರ್ ಫ್ಲ್ಯಾಶಿನ ಬಿಳಿ ಒಂದೇ ಮುಖದ ಮೇಲೆ ಬಿದ್ದಿರುತ್ತವೆ. ಯಾವ ಸಾಫ್ಟ್‌ವೇರೂ ಇದನ್ನು ಪೂರ್ತಿ ಬಿಡಿಸದು. ಮುಖಕ್ಕೆ ಬಣ್ಣ ಕೂಡಿಸಿಕೊಂಡು ಹಿಂದಿನ ಗೋಡೆಯನ್ನು ಅದರ ಪಾಡಿಗೆ ಬಿಡುವುದು ನನ್ನ ಪದ್ಧತಿ. ಆಲ್ಬಮ್ಮಿನ ಪ್ರಿಂಟನ್ನು ಪ್ರಮಾಣವೆಂದು ನೋಡಿಕೊಳ್ಳುವುದಕ್ಕೂ ಮಿತಿ ಇದೆ. ಅದು ಈಗ ಮಾಸಿದೆ. ಹೊಸತರಲ್ಲೂ ಅದು ಲ್ಯಾಬಿನಲ್ಲಿ ಹಳದಿ, ಮಜೆಂಟಾ, ಸಯಾನ್, ಡೆನ್ಸಿಟಿ ಗುಂಡಿಗಳ ಮುಂದೆ ಕೂತವನು ಅವಸರದಲ್ಲಿ ಕೈಗೊಂಡ ತೀರ್ಮಾನ. ಸೀರೆಯೇ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಹಗಲು ಬೆಳಕಿನಲ್ಲಿ ಅದನ್ನು ಪಕ್ಕಕ್ಕಿಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಅಂಚಿನ ಕಥೆಯನ್ನು ಮರೆಯುವಂತಿಲ್ಲ. ಖಾಲಿ ಫಿಲ್ಮಿನ ಬಣ್ಣ ಸಿಗುವುದು ಎರಡು ಫ್ರೇಮುಗಳ ನಡುವಿನ ಪಟ್ಟಿಯಲ್ಲಿ. ಆದ್ದರಿಂದ ಸ್ಕ್ಯಾನ್ ಮಾಡುವಾಗ ಆ ಪಟ್ಟಿಯನ್ನು ಸ್ವಲ್ಪ ಒಳಗೆ ಸೇರಿಸಿಕೊಳ್ಳಬೇಕು, ಐಡ್ರಾಪರನ್ನು ಅಲ್ಲಿ ಒತ್ತಬೇಕು. ಅದಾದ ಮೇಲೆ ಅದನ್ನು ಕತ್ತರಿಸಿಬಿಡಬೇಕು. ಬಿಟ್ಟರೆ ಹೀಗಾಗುತ್ತದೆ: ಅಂಚಿನ ತೂತುಗಳಲ್ಲಿ ಫಿಲ್ಮೇ ಇಲ್ಲ, ಬೆಳಕು ನೇರ ಬರುತ್ತದೆ, ತಿರುಗಿಸಿದಾಗ ಅದೇ ಅತಿ ಕಪ್ಪು. ಹೋಲ್ಡರಿನ ಕಪ್ಪು ಪ್ಲಾಸ್ಟಿಕ್ಕು ಅತಿ ಬಿಳಿ. ಈ ಎರಡು ತುದಿಗಳನ್ನು ಹಿಡಿದ ಸಾಫ್ಟ್‌ವೇರ್ ನಿಜವಾದ ಚಿತ್ರವನ್ನು ನಡುವಿನ ಸಣ್ಣ ಜಾಗದಲ್ಲಿ ತುರುಕುತ್ತದೆ, ಫೋಟೊ ಮಂಜು ಕವಿದಂತೆ ಬರುತ್ತದೆ. ನೆಗೆಟಿವ್ ಲ್ಯಾಬ್ ಪ್ರೊ ಎಂಬ ಸಾಫ್ಟ್‌ವೇರಿನಲ್ಲಿ ಅಂಚನ್ನು ಲೆಕ್ಕದಿಂದ ಹೊರಗಿಡುವ 'ಬಾರ್ಡರ್ ಬಫರ್' ಇದೆ. ಆದರೂ ಕತ್ತರಿಸುವುದೇ ಸರಿ.

ಯಾವ ಸಾಫ್ಟ್‌ವೇರ್? ಹಣ ಖರ್ಚು ಮಾಡುವ ಮೊದಲು ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಹಾಕಿ ನೋಡಿ. ಎರಡೂ ಉಚಿತ, ಎರಡರಲ್ಲೂ ನೆಗೆಟಿವ್‌ಗೆಂದೇ ಸಾಧನವಿದೆ. ಕಲಿಯಲು ಒಂದೆರಡು ಸಂಜೆ ಬೇಕು, ಆದರೆ ಒಳಗೆ ಏನು ನಡೆಯುತ್ತಿದೆ ಎಂದು ಅರ್ಥವಾಗುತ್ತದೆ. ನೆಗೆಟಿವ್ ಲ್ಯಾಬ್ ಪ್ರೊ ಲೈಟ್‌ರೂಮ್ ಕ್ಲಾಸಿಕ್‌ನ ಪ್ಲಗಿನ್. ಲೈಟ್‌ರೂಮ್ ಮೊದಲೇ ಇದ್ದವರಿಗೆ, ನೂರಾರು ಫ್ರೇಮು ಎದುರಿಗಿಟ್ಟುಕೊಂಡವರಿಗೆ ಅದರ ವೇಗಕ್ಕೆ ಸಾಟಿ ಇಲ್ಲ. ಅದರಲ್ಲಿ ಒಂದು ವಿಚಿತ್ರವಿದೆ. ಪರದೆಯ ಮೇಲೆ ಕಾಣುವುದು ಪಾಸಿಟಿವ್ ಆದರೂ ಕೆಳಗಿರುವ ಫೈಲು ನೆಗೆಟಿವ್ ಆಗಿಯೇ ಉಳಿದಿರುತ್ತದೆ. ಅದರ ಮೇಲೆ ಲೈಟ್‌ರೂಮಿನ ಎಕ್ಸ್‌ಪೋಷರ್ ಹೆಚ್ಚಿಸಿದರೆ ಫೋಟೊ ಕಪ್ಪಾಗುತ್ತದೆ! ತಿದ್ದುಪಡಿ ಪ್ಲಗಿನ್ ಒಳಗೇ ಮಾಡಿ, ಇಲ್ಲವೇ ಪಾಸಿಟಿವ್ ಪ್ರತಿಯೊಂದನ್ನು ತೆಗೆದುಕೊಂಡು ಅದರ ಮೇಲೆ ಮಾಡಿ. ಸಿಲ್ವರ್‌ಫಾಸ್ಟ್ ಬೇರೆ ಬೇರೆ ಕಂಪನಿಯ ಫಿಲ್ಮುಗಳಿಗೆ ಸಿದ್ಧ ಪ್ರೊಫೈಲ್ ಕೊಡುತ್ತದೆ. ಹೊಸ ಫಿಲ್ಮಿಗೆ ಚೆನ್ನ, ಮೂವತ್ತು ವರ್ಷ ಮಾಸಿದ ಫಿಲ್ಮಿಗೆ ಬರೀ ಆರಂಭದ ಬಿಂದು. ಕಂಪನಿಯವರು ಕೈಬಿಟ್ಟ ಹಳೆಯ ಸ್ಕ್ಯಾನರ್ ಮನೆಯಲ್ಲಿ ಬಿದ್ದಿದ್ದರೆ ವ್ಯೂಸ್ಕ್ಯಾನ್ ಅದನ್ನು ಇಂದಿನ ಕಂಪ್ಯೂಟರಿನಲ್ಲೂ ಓಡಿಸುವ ಸಾಧ್ಯತೆ ಹೆಚ್ಚು.

ಇವೆಲ್ಲಕ್ಕೂ ಕೊಡುವ ಫೈಲು ಗಟ್ಟಿಯಾಗಿರಬೇಕು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. ಕಿತ್ತಳೆ ಫಿಲ್ಮು ನೀಲಿಯನ್ನು ಅತಿ ಹೆಚ್ಚು ತಡೆಯುವುದರಿಂದ ನೀಲಿಯ ಪಾಲಿಗೆ ನಲವತ್ತೇ ಮೆಟ್ಟಿಲು ಸಿಕ್ಕಿದ್ದರೂ ಆಶ್ಚರ್ಯವಿಲ್ಲ. ಅದನ್ನು 256ಕ್ಕೆ ಎಳೆದಾಗ ಆಕಾಶದಲ್ಲಿ ಪಟ್ಟೆಪಟ್ಟೆ ಬೀಳುತ್ತದೆ. ಸ್ಕ್ಯಾನರಿನಲ್ಲಾದರೆ 16 ಬಿಟ್ ಟಿಫ್, ಕ್ಯಾಮೆರಾದಲ್ಲಾದರೆ ರಾ ಫೈಲು. ಫಿಲ್ಮಿನ ಚೌಕಟ್ಟು 24×36 ಮಿಲಿಮೀಟರ್. 2400 ಡಿಪಿಐನಲ್ಲಿ ಸುಮಾರು 3400×2270 ಪಿಕ್ಸೆಲ್ ಬರುತ್ತದೆ, ಮನೆಯ ಆಲ್ಬಮ್ಮಿಗೆ ಧಾರಾಳ. ಫ್ಲ್ಯಾಟ್‌ಬೆಡ್ ಡಬ್ಬಿಯ ಮೇಲಿನ 6400ರ ಅಂಕಿ ನೋಡಿ ಮರುಳಾಗಬೇಡಿ, ನಿಜವಾದ ವಿವರ ಅದರ ಅರ್ಧಕ್ಕೂ ನಿಲ್ಲುವುದಿಲ್ಲ. ಕ್ಯಾಮೆರಾ ಬಳಸುವವರು ಮ್ಯಾಕ್ರೊ ಲೆನ್ಸ್ ಮತ್ತು ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 95ಕ್ಕೆ ಮೇಲಿರುವ ಎಲ್‌ಇಡಿ ಪ್ಯಾನೆಲ್ ಹೊಂದಿಸಿಕೊಳ್ಳಿ. ಮೊಬೈಲ್ ಪರದೆಯ ಮೇಲೆ ಫಿಲ್ಮಿಟ್ಟರೆ ಪಿಕ್ಸೆಲ್ ಚುಕ್ಕಿಗಳೂ ಫೋಟೊದಲ್ಲಿ ಬರುತ್ತವೆ.

ಧೂಳಿಗೆ ಇನ್‌ಫ್ರಾರೆಡ್ ಇರುವ ಸ್ಕ್ಯಾನರ್ ದೊಡ್ಡ ಉಪಕಾರ. ಇನ್‌ಫ್ರಾರೆಡ್ ಬೆಳಕು ಫಿಲ್ಮಿನ ಬಣ್ಣಗಳನ್ನು ದಾಟಿ ಹೋಗುತ್ತದೆ, ಧೂಳು ಮತ್ತು ಗೀರನ್ನು ದಾಟಲಾರದು. ಹಾಗಾಗಿ ಧೂಳಿನದೇ ಒಂದು ನಕ್ಷೆ ಸಿಗುತ್ತದೆ, ಸಾಫ್ಟ್‌ವೇರ್ ಅಷ್ಟನ್ನೇ ತುಂಬುತ್ತದೆ. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಸೇರಿದಂತೆ ಸಾಂಪ್ರದಾಯಿಕ ಕಪ್ಪು-ಬಿಳುಪು ಫಿಲ್ಮಿಗೆ ಇದನ್ನು ಹಾಕಬೇಡಿ. ಅದರಲ್ಲಿ ಚಿತ್ರವಾಗಿರುವುದು ಬೆಳ್ಳಿ, ಬೆಳ್ಳಿಯೂ ಇನ್‌ಫ್ರಾರೆಡ್ ತಡೆಯುತ್ತದೆ, ಸಾಫ್ಟ್‌ವೇರ್ ಚಿತ್ರವನ್ನೇ ಧೂಳೆಂದು ಒರೆಸಲು ಹೊರಡುತ್ತದೆ. ಕಪ್ಪು-ಬಿಳುಪಿನಲ್ಲಿ ಕಿತ್ತಳೆಯ ತಾಪತ್ರಯವಿಲ್ಲ. ತಿರುಗಿಸಿ, ಕಾಂಟ್ರಾಸ್ಟ್ ಕೂಡಿಸಿದರೆ ಆಯಿತು.

ಕರಾವಳಿ, ಮಲೆನಾಡಿನ ಮನೆಗಳ ನೆಗೆಟಿವ್‌ಗೆ ಬೂಷ್ಟು ಹಿಡಿದಿದ್ದರೆ ನೀರು ಮುಟ್ಟಿಸಬೇಡಿ, ಬೂಷ್ಟು ತಿಂದ ಜಿಲೆಟಿನ್ ನೀರಿನಲ್ಲಿ ಕರಗಿಹೋಗಬಹುದು. ಮೊದಲು ಇದ್ದ ಹಾಗೇ ಸ್ಕ್ಯಾನ್ ಮಾಡಿಕೊಳ್ಳಿ. ತಿರುಗಿಸದ ಮೂಲ ಸ್ಕ್ಯಾನನ್ನು ಒಂದು ಫೋಲ್ಡರಿನಲ್ಲಿ, ತಿರುಗಿಸಿದ್ದನ್ನು ಇನ್ನೊಂದರಲ್ಲಿ ಇಡಿ. ನಾಳೆ ಬಣ್ಣ ಸರಿಯಿಲ್ಲ ಎನಿಸಿದರೆ ಮತ್ತೆ ಸ್ಕ್ಯಾನರ್ ಬಿಚ್ಚುವ ಕೆಲಸ ತಪ್ಪುತ್ತದೆ. ಫಿಲ್ಮಿನ ತುಂಡುಗಳನ್ನು ಪಾಲಿಪ್ರೊಪಿಲೀನ್ ಕವರಿಗೆ ಸೇರಿಸಿ ಒಣ ಜಾಗದಲ್ಲಿಡಿ, ಪಿವಿಸಿ ಕವರು ಮಾತ್ರ ಬೇಡ.