ಹುಲ್ಲು ಸೇರಿಸಿ ತೂಗಿದ ಮುಡಿ

ಕುಂದಾಪುರದಿಂದ ಹೆಮ್ಮಾಡಿ, ತ್ರಾಸಿ, ಮರವಂತೆ ದಾಟಿದರೆ ನಾವುಂದ. ಹೆದ್ದಾರಿ 66ರ ಬದಿಯಲ್ಲಿ ಒಂದು ಸಹಕಾರಿ ಸಂಘದ ಶಾಖೆ ಇದೆ ಎಂದಿಟ್ಟುಕೊಳ್ಳಿ. ಅದರ ಇನ್ನೆರಡು ಶಾಖೆಗಳು ಕುಂದಾಪುರದಲ್ಲಿ, ಬೈಂದೂರಿನಲ್ಲಿ. ಮೂರೂ ಕಡೆಯ ಕಂಪ್ಯೂಟರುಗಳು ಒಂದೇ ಕೋಣೆಯಲ್ಲಿ, ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ ಹಾಗೆ ನಡೆಯಬೇಕು. ನಡುವಿನ ದೂರಸಂಪರ್ಕ ಜಾಲವನ್ನೇ ದೊಡ್ಡ ಸ್ವಿಚ್ಚಾಗಿಸುವ ಏರ್ಪಾಡಿಗೆ ವಿಪಿಎಲ್‌ಎಸ್, ಅಂದರೆ ವರ್ಚುವಲ್ ಪ್ರೈವೇಟ್ ಲ್ಯಾನ್ ಸರ್ವಿಸ್ ಎಂದು ಹೆಸರು. ಹೊರಟ ಪ್ರತಿ ಈಥರ್ನೆಟ್ ಫ್ರೇಮಿಗೂ ರೂಟರ್ ಎರಡು ಲೇಬಲ್ ಅಂಟಿಸುತ್ತದೆ. ಹೊರಗಿನದು ಯಾವ ರೂಟರಿಗೆ ಎಂದು ಹೇಳುತ್ತದೆ, ಒಳಗಿನದು ಅಲ್ಲಿ ಯಾವ ಗಿರಾಕಿಗೆ ಎಂದು.

ಎಲ್ಲ ರೂಟರೂ ಒಂದೇ ಕಂಪನಿಯದಾದರೆ ಕಷ್ಟವಿಲ್ಲ. ಹಾಗಿರುವುದು ಅಪರೂಪ. ಒಂದೊಂದು ಟೆಂಡರಿಗೆ ಒಂದೊಂದು ಕಂಪನಿ. ಮಳೆಗಾಲದ ಸಿಡಿಲಿಗೆ ಸುಟ್ಟದ್ದರ ಜಾಗಕ್ಕೆ ಆ ಹೊತ್ತಿಗೆ ಸಿಕ್ಕಿದ್ದು. 2023ರಲ್ಲಿ ಬಿಎಸ್‌ಎನ್‌ಎಲ್ ಜಾಲಕ್ಕೆ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ 13,000ಕ್ಕೂ ಹೆಚ್ಚು ರೂಟರುಗಳ ಒಪ್ಪಂದವಾಯಿತು. ಅದೇ ವರ್ಷ ಒಪ್ಪಿಗೆ ಪಡೆದ ಪರಿಷ್ಕೃತ ಭಾರತ್‌ನೆಟ್ ಯೋಜನೆ ಬ್ಲಾಕಿನಿಂದ ಗ್ರಾಮ ಪಂಚಾಯತ್‌ವರೆಗೆ ಎಂಪಿಎಲ್‌ಎಸ್, ಅಂದರೆ ಇಂಥ ಲೇಬಲ್ ಅಂಟಿಸುವ ರೂಟರುಗಳ ವರ್ತುಲವನ್ನೇ ಹೇಳುತ್ತದೆ. ಹೊಸತು ಹಳತರ ಜೊತೆ ಮಾತಾಡುವ ಪ್ರಶ್ನೆ ಇನ್ನು ದೊಡ್ಡ ಪೇಟೆಗಳದ್ದು ಮಾತ್ರವಲ್ಲ.

ತೊಡಕು ಮಾನದಂಡದಲ್ಲೇ ಶುರುವಾಗುತ್ತದೆ. 2007ರ ಜನವರಿಯಲ್ಲಿ ವಿಪಿಎಲ್‌ಎಸ್‌ಗೆ ಒಂದಲ್ಲ, ಎರಡು ಮಾನದಂಡ ಬಂದವು: ಆರ್‌ಎಫ್‌ಸಿ 4761 ಮತ್ತು 4762. ಮೊದಲನೆಯದರಲ್ಲಿ ರೂಟರುಗಳು ಲೇಬಲ್ ವಿಷಯ ಮಾತಾಡುವುದು ಬಿಜಿಪಿ ಎಂಬ ಭಾಷೆಯಲ್ಲಿ, ಎರಡನೆಯದರಲ್ಲಿ ಎಲ್‌ಡಿಪಿ ಎಂಬ ಭಾಷೆಯಲ್ಲಿ. ಎರಡರ ಸಂಪಾದಕರಲ್ಲೂ ಕೊಂಪೆಲ್ಲ ಎಂಬ ತೆಲುಗು ಮನೆತನದ ಹೆಸರಿದೆ. ರೂಟರ್ ಕಂಪನಿಗಳಲ್ಲಿ ಜೂನಿಪರ್ ಮೊದಲಿನಿಂದ ಬಿಜಿಪಿಯ ಕಡೆ, ಸಿಸ್ಕೋ ಎಲ್‌ಡಿಪಿಯ ಕಡೆ. ಒಂದು ತುದಿಯಲ್ಲಿ ಅದು, ಇನ್ನೊಂದರಲ್ಲಿ ಇದು ಇಟ್ಟರೆ ಎರಡೂ ಸರಿಯಿದ್ದೂ ಸಂಪರ್ಕ ಏಳುವುದಿಲ್ಲ.

ಎಲ್‌ಡಿಪಿ ಎಂದು ಒಪ್ಪಿಕೊಂಡ ಮೇಲೂ ಕೈಕೊಡುವುದು ಎಂಟಿಯು, ಅಂದರೆ ಒಮ್ಮೆಗೆ ಹೊರಬಲ್ಲ ಗರಿಷ್ಠ ಗಾತ್ರ. ನಮ್ಮ ಕಡೆಯ ಅಕ್ಕಿ ಮುಡಿ ನೆನಪಿಸಿಕೊಳ್ಳಿ. ಒಬ್ಬ ಬೈಹುಲ್ಲು, ಹಗ್ಗ ಸೇರಿಸಿ ತೂಕ ಹೇಳುತ್ತಾನೆ, ಇನ್ನೊಬ್ಬ ಬರೀ ಅಕ್ಕಿಯದು. ಅಕ್ಕಿ ಒಂದೇ, ಅಂಕಿ ಬೇರೆ. ಈಥರ್ನೆಟ್‌ನ ತಲೆಬರಹ 14 ಬೈಟ್. ಸಿಸ್ಕೋದ ಹಳೆಯ ಐಒಎಸ್ ಅದನ್ನು ಬಿಟ್ಟು 1500 ಎನ್ನುತ್ತದೆ. ನೋಕಿಯಾದ ಸರ್ವಿಸ್ ಎಂಟಿಯು ಅದನ್ನು ಸೇರಿಸಿ 1514 ಎನ್ನುತ್ತದೆ. ಎರಡೂ ಕಡೆ ಒಂದೇ ಇರಲಿ ಎಂದು ಎಂಜಿನಿಯರ್ ಶ್ರದ್ಧೆಯಿಂದ ನೋಕಿಯಾದಲ್ಲೂ 1500 ಬರೆದರೆ, ಅದು 14 ಕಳೆದು ಆಚೆಯವನಿಗೆ 1486 ಎಂದು ಹೇಳುತ್ತದೆ. ಅಂಕಿಗಳು ಹೊಂದದಿದ್ದರೆ ಸಂಪರ್ಕವನ್ನು ಎಬ್ಬಿಸಬಾರದೆಂದೇ ಮಾನದಂಡದ ಕಟ್ಟಳೆ. ಎರಡು ಪರದೆಗಳಲ್ಲೂ 1500 ಕಾಣುತ್ತಿರುವಾಗ ತಪ್ಪು ಹುಡುಕುವವನ ಸಂಕಟ ದೊಡ್ಡದು.

ಸ್ಯೂಡೋವೈರ್, ಅಂದರೆ ಎರಡು ರೂಟರುಗಳ ನಡುವಿನ ಈ ಸಂಪರ್ಕದ ಬಗೆಯದ್ದೂ ಇದೇ ಕತೆ: ವಿಎಲ್ಯಾನ್ ಟ್ಯಾಗ್ ಹೊತ್ತು ಹೋಗುವುದು 4ನೇ ಬಗೆ, ಅದಿಲ್ಲದ್ದು 5ನೆಯದು. ಸಂಪರ್ಕದ ಐಡಿ, ಲೇಬಲುಗಳ ಜೊತೆ ಸೇರುವ ಕಂಟ್ರೋಲ್ ವರ್ಡ್ ಬೇಕೋ ಬೇಡವೋ ಎಂಬುದೂ ಎರಡೂ ಕಡೆ ಹೊಂದಬೇಕು. ಪ್ರತಿ ರೂಟರಿನಿಂದ ಉಳಿದೆಲ್ಲಕ್ಕೂ ನೇರ ಸಂಪರ್ಕ ಬೇಕಾದ್ದರಿಂದ ಮೂರು ರೂಟರಿಗೆ ಮೂರೇ ಸಾಕಾದರೂ ಹತ್ತಕ್ಕೆ 45 ಆಗುತ್ತವೆ.

ಗಾತ್ರದ ವ್ಯತ್ಯಾಸವನ್ನು ಕಡೆಗಣಿಸು ಎಂಬ ಆದೇಶ ಕೆಲವು ರೂಟರುಗಳಲ್ಲಿದೆ. ಅದನ್ನು ಬಳಸಬೇಡಿ ಎಂದೇ ನಾನು ಹೇಳುತ್ತೇನೆ. ಸಂಪರ್ಕವೇನೋ ಎದ್ದಿತು, ತೊಂದರೆ ಮಾತ್ರ ಒಳಗೇ ಉಳಿಯಿತು. ಅದಕ್ಕಿಂತ ಒಂದು ಹಾಳೆಯಲ್ಲಿ ಎರಡೂ ಕಂಪನಿಗಳ ಆದೇಶಗಳನ್ನು ಅಕ್ಕಪಕ್ಕ ಬರೆದು, ಯಾವುದು ಹುಲ್ಲು ಸೇರಿಸಿದ ತೂಕ ಎಂದು ಗುರುತು ಹಾಕಿ, ಆಮೇಲೆ ಕೀಬೋರ್ಡ್ ಮುಟ್ಟುವುದು ಮೇಲು. ನಡುದಾರಿ ಹೊರಬೇಕಾದ ಗಾತ್ರದ ಲೆಕ್ಕವೂ ಅದೇ ಹಾಳೆಯಲ್ಲಿರಲಿ: 1500, ತಲೆಬರಹಕ್ಕೆ 14, ಎರಡು ಲೇಬಲಿಗೆ 8, ಕಂಟ್ರೋಲ್ ವರ್ಡಿಗೆ 4, ಒಟ್ಟು 1526. ವಿಎಲ್ಯಾನ್ ಟ್ಯಾಗ್ ಇದ್ದರೆ 1530.

ಪರದೆಯಲ್ಲಿ ಸಂಪರ್ಕ ಎದ್ದಿದೆ ಎಂದು ಕಂಡ ಮಾತ್ರಕ್ಕೆ ಎದ್ದು ಹೊರಡಬೇಡಿ. ನಾವುಂದದ ತುದಿಯಿಂದ ಬೈಂದೂರಿಗೆ, ತುಂಡು ಮಾಡಬೇಡ ಎಂಬ ಷರತ್ತು ಹಾಕಿ, 1472 ಬೈಟಿನ ಪಿಂಗ್ ಕಳಿಸಿ. ಅದರ ಮೇಲಿನ ತಲೆಬರಹಗಳ 28 ಸೇರಿ ಸರಿಯಾಗಿ 1500. ಸಣ್ಣ ಪಿಂಗ್ ಹೋಗಿ ಇದು ನಿಂತರೆ ಶಾಖೆಯಲ್ಲಿ ಲಾಗಿನ್ ಆಗುತ್ತದೆ, ದೊಡ್ಡ ಪಾಸ್‌ಬುಕ್ ಪಟ್ಟಿ ಮಾತ್ರ ತೆರೆಯುವುದಿಲ್ಲ. ಇದೂ ತಿರುಗಿ ಬಂದರೆ, ಅತ್ತಲಿಂದ ಫೋನಿನಲ್ಲಿ 'ಹ್ವಾಯ್, ಲಿಂಕ್ ಬಂತಾ?' ಎಂದು ಕೇಳಿದವರಿಗೆ ಹೌದೆನ್ನಬಹುದು.