ಐವತ್ತೇಳು ಲಕ್ಷ ಬೀಡಿ, ತಿಂಗಳಿಗೆ 1,829 ರೂಪಾಯಿ

ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆಯ ಊರುಗಳಲ್ಲಿ ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕೂತ ಹೆಂಗಸಿನ ತೊಡೆಯ ಮೇಲೆ ಒಂದು ಗೆರಸೆ ಇರುತ್ತದೆ. ರಾತ್ರಿ ನೆನೆಹಾಕಿದ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹರವಿ, ಸುರುಳಿ ಸುತ್ತಿ, ತುದಿಯನ್ನು ಉಗುರಿನಿಂದ ಒಳಗೆ ಮಡಚಿ, ನೂಲು ಬಿಗಿಯಬೇಕು. ಎಂಟು ಗಂಟೆಯಲ್ಲಿ 800 ಬೀಡಿ ಕಟ್ಟುವವಳಿಗೆ ಒಂದೊಂದಕ್ಕೆ ಸಿಗುವುದು 36 ಸೆಕೆಂಡು. ಇಷ್ಟೂ ಕೆಲಸ ಅದರೊಳಗೇ ಮುಗಿಯಬೇಕು.

ಎಲೆ, ಹೊಗೆಸೊಪ್ಪು ತಿಂಗಳಿಗೆ ಇಪ್ಪತ್ತು ದಿನಕ್ಕೆ ಆಗುವಷ್ಟೇ ಬರುತ್ತದೆ ಎಂದು ಹಿಡಿಯೋಣ. ತಿಂಗಳಿಗೆ 16,000, ವರ್ಷಕ್ಕೆ 1,92,000, ಮೂವತ್ತು ವರ್ಷಕ್ಕೆ 57,60,000 ಬೀಡಿ. ಒಂದರ ಉದ್ದ ಆರು ಸೆಂಟಿಮೀಟರ್ ಎಂದಿಟ್ಟುಕೊಂಡು ತುದಿಗೆ ತುದಿ ತಾಗಿಸಿ ಜೋಡಿಸಿದರೆ ಸುಮಾರು 345 ಕಿಲೋಮೀಟರ್. ಮಂಗಳೂರಿನಲ್ಲಿ ಶುರುವಾದ ಸಾಲು ಶಿರಾಡಿ ಘಾಟಿ ಹತ್ತಿ, ಹಾಸನ ದಾಟಿ, ಹೆಚ್ಚುಕಮ್ಮಿ ಬೆಂಗಳೂರಿನ ಬಾಗಿಲಿಗೆ ಬರುತ್ತದೆ. ಒಬ್ಬಳೇ ಹೆಂಗಸು, ಎರಡೇ ಕೈ. ಗಂಟೆಗಳಲ್ಲಿ ಹೇಳುವುದಾದರೆ 57,600. ಹಗಲು ರಾತ್ರಿ ಎನ್ನದೆ ಒಂದೇ ಸಮನೆ ಕೂತರೂ ಆರೂವರೆ ವರ್ಷದ ಕೆಲಸ.

ಈ ಕೆಲಸಕ್ಕೆ ಪಿಎಫ್ ಉಂಟು. ಅದು ಸುಮ್ಮನೆ ಬಂದದ್ದಲ್ಲ. 1977ರಲ್ಲಿ ಭವಿಷ್ಯನಿಧಿ ಕಾಯಿದೆಯನ್ನು ಬೀಡಿ ಉದ್ಯಮಕ್ಕೂ ಅನ್ವಯಿಸಿದಾಗ, ಮನೆಯಲ್ಲಿ ಕೂತು ಕಟ್ಟುವವರು ನಮ್ಮ ನೌಕರರೇ ಅಲ್ಲ ಎಂದು ಮಾಲೀಕರು ಕೋರ್ಟಿಗೆ ಹೋದರು. ನೌಕರರೇ ಹೌದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ. ಹಾಗಾಗಿ ಬೀಡಿ ಕಟ್ಟುವವಳು ನಮ್ಮ ದೇಶದ ಬಡ ಕೂಲಿಕಾರರಲ್ಲಿ ಅಪರೂಪದವಳು. ಅವಳ ಕೂಲಿಯಿಂದ ನೂರಕ್ಕೆ ಹತ್ತು ಹಿಡಿಯುತ್ತಾರೆ, ಮಾಲೀಕರೂ ಹತ್ತು ಕೊಡಬೇಕು. ಮಾಲೀಕರ ಆ ಹತ್ತರಲ್ಲಿ 8.33 ಪಿಂಚಣಿ ನಿಧಿಗೆ ಹೋಗುತ್ತದೆ.

ಈಗ ಪಿಂಚಣಿಯ ಲೆಕ್ಕಕ್ಕೆ ಬರೋಣ. ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಅಂದೇ ಸೇರಿದ 28ರ ಪ್ರಾಯದ ಹೆಂಗಸೊಬ್ಬಳನ್ನು ಕಲ್ಪಿಸಿಕೊಳ್ಳಿ. 2025ರ ನವೆಂಬರಿನಲ್ಲಿ ಅವಳಿಗೆ 58 ತುಂಬುತ್ತದೆ, ಪಿಂಚಣಿ ಶುರುವಾಗುತ್ತದೆ. ಬಾಣಂತನ, ಕಾಯಿಲೆ, ಎಲೆ ಬಾರದ ದಿನಗಳು ಯಾವುವೂ ಅವಳ ಸೇವಾವಧಿಯನ್ನು ತಿಂದಿಲ್ಲ ಎಂದೇ ಇಟ್ಟುಕೊಳ್ಳೋಣ. ಕೊನೆಯ ಐದು ವರ್ಷ ಸಾವಿರ ಬೀಡಿಗೆ ಸರಾಸರಿ 250 ರೂಪಾಯಿ ಸಿಕ್ಕಿತೆಂದರೆ ತಿಂಗಳ ಕೂಲಿ 4,000. ಮೂವತ್ತು ವರ್ಷದ ಸೇವೆಗೆ ಎರಡು ವರ್ಷ ಹೆಚ್ಚುವರಿ ಸೇರಿಸುತ್ತಾರೆ, ಒಟ್ಟು 32. ಅದನ್ನು 4,000ದಿಂದ ಗುಣಿಸಿ 70ರಿಂದ ಭಾಗಿಸಬೇಕು. ಬರುವ ಉತ್ತರ 1,829 ರೂಪಾಯಿ.

ದಿನಕ್ಕೆ 61 ರೂಪಾಯಿ.

ಇದು ಒಂದು ದಿನವೂ ಖಾತೆ ಮುರಿಯದವಳ ಲೆಕ್ಕ ಎಂಬುದನ್ನು ಮರೆಯಬೇಡಿ. ಕಡಿಮೆ ಕೂಲಿಯ ಕಾಲದಲ್ಲೇ ನಿವೃತ್ತಳಾದವಳು, ನಡುವೆ ಕೆಲಸ ಬಿಟ್ಟು ಮತ್ತೆ ಸೇರಿದವಳು ಎಷ್ಟೋ ಸಲ ಕನಿಷ್ಠ ಪಿಂಚಣಿಗೆ ಬಂದು ನಿಲ್ಲುತ್ತಾಳೆ. ಆ ಕನಿಷ್ಠವನ್ನು 1,000 ರೂಪಾಯಿ ಎಂದು ಗೊತ್ತುಮಾಡಿದ್ದು 2014ರ ಸೆಪ್ಟೆಂಬರಿನಲ್ಲಿ. ಹತ್ತು ವರ್ಷ ಕಳೆದರೂ ಅದು ಅಷ್ಟೇ ಇತ್ತು. ಇನ್ನು ಪಿಎಫ್‌ನ ಇಡುಗಂಟು ಎಷ್ಟೋ ಮನೆಗಳಲ್ಲಿ ಮಗಳ ಮದುವೆಗೋ ಮನೆಯ ಮಾಡಿಗೋ ಮೊದಲೇ ಖರ್ಚಾಗಿರುತ್ತದೆ. ಅದನ್ನು ದುಂದು ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಮಳೆಗಾಲದಲ್ಲಿ ಸೋರುವ ಮಾಡನ್ನು ಮುಪ್ಪಿನವರೆಗೆ ಹಾಗೇ ಬಿಡಲು ಯಾರಿಗೆ ಸಾಧ್ಯ?

ಭಾರತದಲ್ಲಿ ಅರವತ್ತು ತುಂಬಿದ ಹೆಂಗಸು ಸರಾಸರಿ ಇನ್ನೂ 19 ವರ್ಷ ಬದುಕುತ್ತಾಳೆ. ಅಂದರೆ 58ರಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷಕ್ಕೆ ಮೋಸವಿಲ್ಲ: 240 ತಿಂಗಳು, 7,300 ದಿನ, ದಿನಕ್ಕೆರಡರಂತೆ 14,600 ಊಟ. 240 ತಿಂಗಳ ಪಿಂಚಣಿ ಒಟ್ಟು 4,38,960 ರೂಪಾಯಿ. ಎಲ್ಲವನ್ನೂ ಊಟಕ್ಕೇ ಸುರಿದರೆ ಒಂದು ಊಟಕ್ಕೆ 30 ರೂಪಾಯಿ. ಬಿಪಿ ಮಾತ್ರೆಗೆ, ಬಸ್ಸಿಗೆ, ಕರೆಂಟ್ ಬಿಲ್ಲಿಗೆ, ಕನ್ನಡಕಕ್ಕೆ ಸೊನ್ನೆ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. 58ಕ್ಕೆ ಬಂದ 1,829 ರೂಪಾಯಿ 78ಕ್ಕೂ 1,829 ರೂಪಾಯಿಯೇ. ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ, ಇಂದು 1,829ಕ್ಕೆ ಸಿಗುವ ಸಾಮಾನಿಗೆ ಅಂದು 4,850 ಬೇಕು. ಮೊಣಕಾಲು ಸೋತು, ಕಣ್ಣು ಮಂಜಾಗಿ, ಔಷಧದ ಚೀಟಿ ಉದ್ದವಾಗುವ ಆ ಹೊತ್ತಿಗೆ ಅವಳ ಕೈಗೆ ಬರುವ ಹಣದ ಬೆಲೆ ಇಂದಿನ 689 ರೂಪಾಯಿ. ದಿನಕ್ಕೆ 23.

ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ತೋರಿಸಲು ಬೆರಳಚ್ಚು ಬೇರೆ ಕೊಡಬೇಕು. ಎಲೆ, ಕತ್ತರಿ, ನೂಲಿನ ಜತೆ ತಿಕ್ಕಾಡಿದ ಬೆರಳಿನ ಗೆರೆ ಸವೆದು ಹೋಗಿರುತ್ತದೆ. ಯಂತ್ರದ ಮೇಲೆ ಹೆಬ್ಬೆರಳಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಇಟ್ಟು, ಕೊನೆಗೆ ಇನ್ನೊಂದು ಬೆರಳು ಕೊಡುತ್ತಾರೆ. ಈಗ ಮುಖ ತೋರಿಸಿ ದೃಢೀಕರಿಸುವ ವ್ಯವಸ್ಥೆ ಬಂದಿದೆ, ಅಷ್ಟರಮಟ್ಟಿಗೆ ಒಳ್ಳೆಯದಾಯಿತು.

ಇಷ್ಟಾದರೂ ಇವಳು ಪಿಂಚಣಿ ಇದ್ದವಳು. ದೇಶದಲ್ಲಿ ಅರವತ್ತು ದಾಟಿದವರು ಹದಿನಾಲ್ಕು ಕೋಟಿಗೂ ಹೆಚ್ಚು. ನೀತಿ ಆಯೋಗದ 2024ರ ವರದಿಯ ಪ್ರಕಾರ ಹಿರಿಯರಲ್ಲಿ ನೂರಕ್ಕೆ 78 ಮಂದಿಗೆ ಯಾವ ಪಿಂಚಣಿಯ ಆಸರೆಯೂ ಇಲ್ಲ. ಉಳಿಸುವ ಬುದ್ಧಿ ಬೇಕಿತ್ತು ಎಂಬ ಉಪದೇಶ ಅವರಿಗೆ ದಿನವೂ ಸಿಗುತ್ತದೆ. ಬೀಡಿ ಕಟ್ಟಿದವಳಾದರೋ ಕಾನೂನು ಹೇಳಿದಂತೆ, ಮೂವತ್ತು ವರ್ಷ, ತಿಂಗಳು ತಪ್ಪದೆ ಉಳಿಸಿದವಳು. ನಾಲ್ಕು ಸಾವಿರದ ಕೂಲಿಯಿಂದ ಯಾವ ಸೂತ್ರ ಹಾಕಿದರೂ ನೆಮ್ಮದಿಯ ಮುಪ್ಪು ಹುಟ್ಟುವುದಿಲ್ಲ.

ಅವಳ ಒಂದು ತಿಂಗಳ ಪಿಂಚಣಿ ಎಂದರೆ ಹಳೆಯ ದರದಲ್ಲಿ 7,316 ಬೀಡಿಯ ಕೂಲಿ, ಒಂಬತ್ತು ದಿನದ ದುಡಿಮೆ. ಉಳಿದ ಹನ್ನೊಂದು ದಿನದ ಕೂಲಿಗೆ ಬೇರೆ ದಾರಿ ಹುಡುಕಲೇಬೇಕು. ಅದಕ್ಕೇ 58 ದಾಟಿದ ಮೇಲೂ ಗೆರಸೆ ಕೆಳಗಿಡದೆ, ಕಟ್ಟಿದ್ದನ್ನು ಸೊಸೆಯ ಹೆಸರಿನ ಬೀಡಿ ಲೆಕ್ಕದ ಪುಸ್ತಕದಲ್ಲಿ ಬರೆಸುವವರುಂಟು. ಅಲ್ಲಿ ಜಮೆಯಾಗುವ ಪಿಎಫ್ ಸೊಸೆಯದು, ಮುಂದೆ ಬರುವ ಪಿಂಚಣಿಯೂ ಸೊಸೆಯದೇ. ಅವಳ ಲೆಕ್ಕವನ್ನೂ 70ರಿಂದಲೇ ಭಾಗಿಸುತ್ತಾರೆ.