ಸ್ಪ್ರೆಡ್‌ಶೀಟ್ ದೋಷಗಳು

ಎಕ್ಸೆಲ್‌ನಂತಹ ತಂತ್ರಾಂಶಗಳಲ್ಲಿ ಲೆಕ್ಕದ ಹಾಳೆಗಳನ್ನು ಸಿದ್ಧಪಡಿಸುವಾಗ ಬಳಕೆದಾರರಿಂದ ಉಂಟಾಗುವ ತಪ್ಪುಗಳನ್ನು ಸ್ಪ್ರೆಡ್‌ಶೀಟ್ ದೋಷಗಳು ಎನ್ನುತ್ತಾರೆ. ಕೂಡುವುದರಲ್ಲಾಗಲಿ ಭಾಗಿಸುವುದರಲ್ಲಾಗಲಿ ಗಣಕಯಂತ್ರ ತಪ್ಪುವುದು ತೀರ ಅಪರೂಪ. ಏನನ್ನು ಕೂಡಬೇಕು, ಯಾವುದರಿಂದ ಭಾಗಿಸಬೇಕು ಎಂಬುದನ್ನು ತಿಳಿಸುವಲ್ಲಿ ಮನುಷ್ಯನೇ ಎಡವುತ್ತಾನೆ.

ಕಾರಣಗಳು

1979ರಲ್ಲಿ ಬಂದ ವಿಸಿಕ್ಯಾಲ್ಕ್ ತಂತ್ರಾಂಶದಿಂದ ಮೊದಲ್ಗೊಂಡು, ಪ್ರೋಗ್ರಾಮಿಂಗ್ ಕಲಿಯದವರೂ ಇಂತಹ ಹಾಳೆಗಳನ್ನು ರಚಿಸುವುದು ಸಾಧ್ಯವಾಯಿತು. ಆದರೆ ಪ್ರೋಗ್ರಾಮುಗಳನ್ನು ಪರೀಕ್ಷಿಸಿ ನೋಡುವ ಶಿಸ್ತು ಅದರೊಡನೆ ಬರಲಿಲ್ಲ. ಕೋಶದಲ್ಲಿ ಕಾಣುವುದು ಉತ್ತರ ಮಾತ್ರ. ಅದನ್ನು ತಂದ ಸೂತ್ರ ಮರೆಯಲ್ಲಿರುತ್ತದೆ. ತಪ್ಪು ಸೂತ್ರವೂ ದಶಾಂಶ ಸಹಿತವಾದ ಅಚ್ಚುಕಟ್ಟಾದ ಅಂಕಿಯನ್ನೇ ತೋರಿಸುವುದರಿಂದ ಸಂಶಯ ಹುಟ್ಟುವುದಿಲ್ಲ. ಸೂತ್ರವನ್ನು ಬೇರೆಡೆಗೆ ನಕಲು ಮಾಡಿದಾಗ ಅದು ಸೂಚಿಸುವ ಕೋಶಗಳೂ ಸಾಮಾನ್ಯವಾಗಿ ಸರಿಯುತ್ತವೆ. ಪಠ್ಯರೂಪದಲ್ಲಿ ಉಳಿದ ಸಂಖ್ಯೆಯನ್ನು ಮೊತ್ತದ ಸೂತ್ರ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ತನ್ನ ಹಾಳೆಯನ್ನು ತಾನೇ ಪರಿಶೀಲಿಸುವವನಂತೂ, ತನ್ನ ಪ್ರಬಂಧವನ್ನು ತಾನೇ ತಿದ್ದುವ ವಿದ್ಯಾರ್ಥಿಯಂತೆ, ಬರೆದುದನ್ನಲ್ಲ, ಬರೆಯಬೇಕೆಂದಿದ್ದುದನ್ನೇ ಓದುತ್ತಾನೆ.

ಸಣ್ಣ ತಪ್ಪುಗಳು ಒಟ್ಟುಗೂಡುವ ಬಗೆಯೂ ಗಮನಾರ್ಹ. ಪ್ರತಿಯೊಂದು ಸೂತ್ರವೂ ಸರಿಯಾಗಿರುವ ಸಂಭವ ಶೇಕಡಾ 99 ಇದ್ದರೂ, ನೂರು ಸೂತ್ರಗಳ ಹಾಳೆ ಸಂಪೂರ್ಣ ದೋಷರಹಿತವಾಗಿರುವ ಸಂಭವ ಸುಮಾರು ಶೇಕಡಾ 37 ಮಾತ್ರ.

ಪ್ರಮುಖ ಪ್ರಕರಣಗಳು

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಸರ್ಕಾರದ ಸಾಲವು ರಾಷ್ಟ್ರೀಯ ಉತ್ಪನ್ನದ ಶೇಕಡಾ 90ನ್ನು ಮೀರಿದ ದೇಶಗಳಲ್ಲಿ ಬೆಳವಣಿಗೆ ಕುಸಿಯುತ್ತದೆಂದು ತಿಳಿಸಿತು. ಸರ್ಕಾರಿ ವೆಚ್ಚ ಕಡಿತವನ್ನು ಬಯಸಿದ ರಾಜಕಾರಣಿಗಳು ಇದನ್ನು ಆಧಾರವಾಗಿ ಬಳಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ಹೆರ್ನ್‌ಡನ್ ಲೇಖಕರಿಂದಲೇ ಮೂಲ ಹಾಳೆಯನ್ನು ಪಡೆದು ನೋಡಿದಾಗ, ಸರಾಸರಿಯ ಸೂತ್ರ 20 ದೇಶಗಳ ಪೈಕಿ 15ನ್ನು ಮಾತ್ರ ಒಳಗೊಂಡಿತ್ತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡಾ ಮತ್ತು ಡೆನ್ಮಾರ್ಕ್ ಹೊರಗುಳಿದಿದ್ದವು. 2013ರಲ್ಲಿ ಅವರು ಇಬ್ಬರು ಪ್ರಾಧ್ಯಾಪಕರೊಡನೆ ಪ್ರಕಟಿಸಿದ ಮರುಲೆಕ್ಕದಲ್ಲಿ, ಅಧಿಕ ಸಾಲದ ದೇಶಗಳ ಸರಾಸರಿ ಬೆಳವಣಿಗೆ ದರವು -0.1ರ ಬದಲು 2.2 ಶೇಕಡಾ ಎಂದಾಯಿತು. ಈ ಅಂತರದ ಹೆಚ್ಚಿನ ಭಾಗಕ್ಕೆ ದತ್ತಾಂಶದ ಆಯ್ಕೆ ಮತ್ತು ಸರಾಸರಿ ತೆಗೆದ ವಿಧಾನ ಕಾರಣವೆಂಬುದನ್ನು ಮರೆಯಬಾರದು. ಸೂತ್ರದ ದೋಷದ ಪಾಲು ಕಿರಿದು. ಸೂತ್ರದ ತಪ್ಪನ್ನು ಲೇಖಕರು ಒಪ್ಪಿಕೊಂಡರೂ ತಮ್ಮ ಮುಖ್ಯ ನಿಲುವನ್ನು ಸಮರ್ಥಿಸಿಕೊಂಡರು.

2020ರಲ್ಲಿ ಇಂಗ್ಲೆಂಡಿನಲ್ಲಿ, 65,536 ಸಾಲುಗಳ ಮಿತಿಯುಳ್ಳ ಹಳೆಯ ಎಕ್ಸೆಲ್ ಕಡತ ಮಾದರಿಯ ಬಳಕೆಯಿಂದ 15,841 ಕೋವಿಡ್ ಪ್ರಕರಣಗಳು ದೈನಂದಿನ ವರದಿಗಳಿಂದ ಬಿಟ್ಟುಹೋದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಪತ್ತೆಹಚ್ಚುವುದು ಇದರಿಂದ ತಡವಾಯಿತು.

ಪತ್ತೆಹಚ್ಚುವ ಕ್ರಮಗಳು

ಹಾಳೆಯನ್ನು ರಚಿಸದ ಮತ್ತೊಬ್ಬರು ಸೂತ್ರಗಳನ್ನು ಒಂದೊಂದಾಗಿ ತೆರೆದು ನೋಡುವುದು ಹೆಚ್ಚು ಫಲಕಾರಿ. ಅಡ್ಡಸಾಲುಗಳ ಒಟ್ಟು ಮೊತ್ತವನ್ನು ಕಂಬಸಾಲುಗಳ ಒಟ್ಟು ಮೊತ್ತದೊಡನೆ ತಾಳೆ ನೋಡುವ ಹಳೆಯ ಗುಮಾಸ್ತರ ಪದ್ಧತಿ ಇಲ್ಲಿಯೂ ಸಲ್ಲುತ್ತದೆ.